ಮೊದಲು ಕರಿ ಹಾಳೆ, ಆಮೇಲೆ ಬಣ್ಣ

ಎಲ್ಲರಿಗೂ ನಮಸ್ಕಾರ್ರಿ. ಮಕ್ಕಳನ್ನು ಕರಕೊಂಡು ಬಂದ ತಂದೆ-ತಾಯಂದಿರಿಗೂ, ಮೊಮ್ಮಕ್ಕಳ ಬೆನ್ನು ಹತ್ತಿ ಬಂದ ಅಜ್ಜ-ಆಯಿಗಳಿಗೂ ಸ್ವಾಗತ. ಇವತ್ತು ಕರಿ ಹಾಳೆ ಕೊರೆದು, ಬಣ್ಣದ ಕಾಗದ ಅಂಟಿಸಿ, ಕಿಟಕಿಗೆ ಹಚ್ಚುವ ಬಣ್ಣದ ಗಾಜಿನಂಥ ಚಿತ್ರ ಮಾಡೋಣ. ಮೇಜಿನ ಮೇಲೆ ಪತಂಗದ (ಗಾಳಿಪಟದ) ಬಣ್ಣದ ಕಾಗದ ಹರವಿಟ್ಟಿದ್ದೇವೆ. ಅದನ್ನು ಈಗಲೇ ಮುಟ್ಟಬೇಡಿ. ಮೊದಲ ಅರ್ಧ ತಾಸು ಕರಿ ಹಾಳೆಯದ್ದು. ಯಾಕೆ ಅಂತ ಹೇಳತೀನಿ.

ಫ್ರಾನ್ಸ್ ದೇಶದ ಶಾರ್ತ್ರ್ ಎಂಬ ಊರಿನ ದೊಡ್ಡ ಚರ್ಚಿನಲ್ಲಿ 12 ಮತ್ತು 13ನೆಯ ಶತಮಾನದ ಬಣ್ಣದ ಗಾಜಿನ ಕಿಟಕಿಗಳು ಇವತ್ತಿಗೂ ಇವೆ. ಆ ನೀಲಿ, ಕೆಂಪು ಬಣ್ಣ ಗಾಜಿನ ಮೇಲೆ ಬಳಿದದ್ದಲ್ಲ. ಗಾಜು ಕರಗಿಸುವಾಗಲೇ ಕೋಬಾಲ್ಟ್ ಬೆರೆಸಿದರೆ ನೀಲಿ ಬರುತ್ತಿತ್ತು. ತಾಮ್ರ ಬೆರೆಸಿದರೆ ಕುಲುಮೆಯ ಗಾಳಿಯನ್ನು ನೋಡಿಕೊಂಡು ಕೆಂಪೋ ಹಸಿರೋ ಆಗುತ್ತಿತ್ತು. ಆದರೆ ದೊಡ್ಡ ಹಾಳೆಯಂಥ ಗಾಜು ಮಾಡಲು ಬರುತ್ತಿರಲಿಲ್ಲ. ಚೂರು ಚೂರನ್ನು ಸೀಸದ ಪಟ್ಟಿಯಲ್ಲಿ ಕೂಡಿಸಬೇಕು. ಸೀಸವನ್ನು ಬೆಳಕು ದಾಟದು. ಒಳಗೆ ನಿಂತವರಿಗೆ ಅದು ಬರೀ ಕರಿ ಗೆರೆ. ಜಾಣ ಕೆಲಸಗಾರರು ಆ ಗೆರೆಯನ್ನೇ ನಿಲುವಂಗಿಯ ಅಂಚು ಮಾಡಿದರು, ತೋಳು ಮಾಡಿದರು. ಗಾಜು ಹಿಡಿಯಲು ಬಂದ ಸೀಸ ಚಿತ್ರ ಬರೆಯುವ ಕೆಲಸಕ್ಕೂ ನಿಂತಿತು.

ಅಷ್ಟು ದೂರ ಯಾಕ್ರಿ, ನಮ್ಮ ವಿಜಯಪುರದ ಇಬ್ರಾಹಿಂ ರೋಜಾಕ್ಕೇ ಹೋಗೋಣ. 1627ರಲ್ಲಿ ತೀರಿಕೊಂಡ ಇಲ್ಲಿಯ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಗೋರಿ. ಗೋಲಗುಮ್ಮಟದಲ್ಲಿ ಕೂಗು ಹಾಕಿ ಸೀದಾ ಬಸ್ಸು ಹತ್ತುವವರು ಇದನ್ನು ಬಿಟ್ಟು ಹೋಗುತ್ತಾರೆ, ಅದು ನನ್ನ ಹಳೆಯ ತಕರಾರು. ಅಲ್ಲಿಯ ಕಿಟಕಿಗಳಲ್ಲಿ ಗಾಜಿಲ್ಲ, ಕಲ್ಲಿನ ಜಾಲಂಧ್ರ. ಕಲ್ಲನ್ನು ಕೊರೆದು ಅರಬ್ಬಿ ಅಕ್ಷರಗಳನ್ನು ಉಳಿಸಿದ್ದಾರೆ. ಅಕ್ಷರಗಳ ನಡುವಿನ ಸಂದಿನಿಂದ ಬೆಳಕು ಒಳಗೆ ಬರುತ್ತದೆ. ಒಂದು ಅಕ್ಷರ ಇನ್ನೊಂದಕ್ಕೆ ತಾಗದಿದ್ದರೆ ಕಲ್ಲು ಉದುರಿ ಬೀಳುತ್ತದೆ. ಹೋಗಿ ನೋಡಿದಾಗ ಎಲ್ಲಿ ಯಾವುದು ಯಾವುದಕ್ಕೆ ಅಂಟಿದೆ ಅಂತ ಮಕ್ಕಳಿಗೆ ಹುಡುಕಲು ಹಚ್ಚಿರಿ.

ನಮ್ಮ ಕರಿ ಹಾಳೆಗೂ ಅದೇ ಕಾಯ್ದೆ. ಎರಡು ಕರಿ ಡ್ರಾಯಿಂಗ್ ಶೀಟ್ ಕೂಡಿಸಿ ಹಿಡಿದು, ಒಂದೇ ಆಕಾರ ಕತ್ತರಿಸಿ. ಒಂದು ಮುಂದಿಗೆ, ಒಂದು ಹಿಂದಿಗೆ, ನಡುವೆ ಬಣ್ಣದ ಕಾಗದ. ತೂತು ತೂತಿನ ನಡುವೆ ಕಿರುಬೆರಳಿನಷ್ಟು ಕರಿ ಉಳಿಯಲಿ. ಸಣ್ಣ ಕೂಸುಗಳಿಗೆ ಒಂದು ದಪ್ಪ ಮೀನು, ಅದರ ಮೈಯಲ್ಲಿ ನಾಲ್ಕು ತೂತು ಸಾಕು. ನವಿಲಿನ ಗರಿ ಗರಿ ಬಿಡಿಸಲು ಹೊರಟ ಅಪ್ಪಂದಿರೇ ಮೊದಲು ಹಾಳೆ ಹರಿಯುತ್ತಾರೆ. ಆಮೇಲೆ ಮಗಳ ಕೈಯಿಂದ ಕತ್ತರಿ ಕಸಿಯುತ್ತಾರೆ. ಹಾಗೆ ಮಾಡಬೇಡ್ರಿ.

ಈಗ ಬಣ್ಣ. ಕಾಗದ ತೂತಿಗಿಂತ ಸುತ್ತಲೂ ಸ್ವಲ್ಪ ದೊಡ್ಡದಿರಲಿ. ಹಿಟ್ಟಿನ ಅಂಟು ಬೇಡ, ನೀರಿಗೆ ಪತಂಗದ ಕಾಗದ ಬಣ್ಣ ಬಿಟ್ಟು ಕಲೆಯಾಗುತ್ತದೆ. ಗ್ಲೂ ಸ್ಟಿಕ್ ಇಟ್ಟಿದ್ದೇವೆ. ಹಳದಿಯ ಮೇಲೆ ನೀಲಿ ಇಟ್ಟು ಎತ್ತಿ ಹಿಡಿಯಿರಿ, ಹಸಿರು ಸಿಗುತ್ತದೆ. ಕೆಂಪನ್ನು ಮಾತ್ರ ಒಂದೇ ಪದರ ಹಾಕಿ, ಎರಡಾದರೆ ಕಿಟಕಿಯಲ್ಲಿ ಕಪ್ಪಾಗಿ ಕಾಣುತ್ತದೆ. ಹಳೆಯ ಗಾಜಿನವರಿಗೂ ಇದೇ ಪೇಚಾಟ. ಕೆಂಪು ಗಾಜು ದಪ್ಪವಾದರೆ ಬೆಳಕನ್ನೇ ನುಂಗುತ್ತಿತ್ತು. ಅದಕ್ಕೇ ಬಣ್ಣವಿಲ್ಲದ ಗಾಜಿನ ಮೇಲೆ ತೆಳ್ಳನೆಯ ಕೆಂಪು ಪದರ ಕೂಡಿಸುವ ಉಪಾಯ ಕಂಡುಕೊಂಡರು.

ಬಣ್ಣ ಸರಿಯಿದೆಯೋ ಅಂತ ಮೇಜಿನ ಮೇಲಿಟ್ಟು ನೋಡಿದರೆ ಏನೂ ತಿಳಿಯದು. ಪ್ರತಿ ಚೂರನ್ನೂ ಅಂಟಿಸುವ ಮೊದಲು ಎದ್ದು ಕಿಟಕಿಗೆ ಹೋಗಿ, ಹಿಂದಿನಿಂದ ಬೆಳಕು ಬರುವ ಹಾಗೆ ಹಿಡಿದು ನೋಡಬೇಕು. ಗದ್ದಲವಾಗುತ್ತದೆ, ಆಗಲಿ. ಮನೆಯಲ್ಲಿ ಪಶ್ಚಿಮದ ಕಿಟಕಿಗೆ ಹಚ್ಚಿದರೆ ವಿಜಯಪುರದ ಬೇಸಿಗೆಯ ಬಿಸಿಲಿಗೆ ಬಣ್ಣ ಬೇಗ ಹಾರುತ್ತದೆ. ಉತ್ತರದ ಕಿಟಕಿ ವಾಸಿ.

ಕತ್ತರಿಗಳು ಆ ಡಬ್ಬಿಯಲ್ಲಿವೆ. ಕಟರ್ ದೊಡ್ಡವರ ಕೈಯಲ್ಲಿ ಮಾತ್ರ. ಒಂದು ಮನೆಯವರಿಗೆ ಎರಡು ಕರಿ ಹಾಳೆ, ಸಾಲಾಗಿ ಬಂದು ತಗೊಳ್ರಿ.