ಚಾಂಪಿಯನ್ ಒಲೆ ಮುಂದೆ ನಿಂತಾಗ

ಕೇಳುಗರಿಗೆ ನಮಸ್ಕಾರ. ತುಮಕೂರು, ಮಧುಗಿರಿ, ಶಿರಾ ಕಡೆಯ ಹುಡುಗ ಹುಡುಗಿಯರು ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುತ್ತಿದ್ದೀರಿ. ಇವತ್ತಿನ ಮಾತು ನಿಮಗೆ. ಆಟದಲ್ಲಿ ಗೆದ್ದೇ ಬೆಳೆದ ಚಾಂಪಿಯನ್ ಒಬ್ಬಳು ಸಂಸಾರದ ಸಣ್ಣಪುಟ್ಟ ಕೆಲಸ ಕಲಿಯುವ ಹಾಸ್ಯಚಿತ್ರ ಬರೆಯುವುದು ಹೇಗೆ? ನಾನು ಹೇಳುವುದು ಒಂದೇ: ಅವಳನ್ನು ದಡ್ಡಿ ಮಾಡಬೇಡಿ. ಕೆಲಸವನ್ನು ಸರಿಯಾಗಿ ತೋರಿಸಿ, ನಗು ತಾನಾಗಿ ಬರುತ್ತದೆ.

ಎಮಾನುಯೆಲ್ ಲಾಸ್ಕರ್ 1894ರಿಂದ 1921ರವರೆಗೆ, 27 ವರ್ಷ, ಚೆಸ್ ವಿಶ್ವ ಚಾಂಪಿಯನ್. ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಅಂಥವರು ಪಾರಿವಾಳ ಸಾಕಿ ಮರಿ ಮಾಡಿಸಲು ಹೊರಟು, ಎಷ್ಟು ಕಾದರೂ ಮರಿಯಾಗದೆ, ಕೊನೆಗೆ ನೋಡಿದರೆ ತಂದವೆಲ್ಲ ಗಂಡೇ ಆಗಿದ್ದವು ಎಂಬ ಕಥೆ ಚೆಸ್ ಆಡುವವರ ನಡುವೆ ಪ್ರಸಿದ್ಧ. ಅವರಿಗೆ ಬುದ್ಧಿ ಕಡಿಮೆಯಿತ್ತೆಂದು ನಾವು ನಗುವುದಿಲ್ಲ. ಪಾರಿವಾಳದಲ್ಲಿ ಗಂಡು ಹೆಣ್ಣು ನೋಡಲು ಹೆಚ್ಚುಕಡಿಮೆ ಒಂದೇ ಥರ. ಸಾಕಿ ಪಳಗಿದವರಿಗಷ್ಟೇ ಗೊತ್ತಾಗುತ್ತದೆ. ಈ ಒಂದು ವಿವರವೇ ಕಥೆಗೆ ಜೀವ.

ಈಗ ನಮ್ಮ ನಾಯಕಿಗೆ ಬನ್ನಿ. ಕಬಡ್ಡಿ ರೈಡರ್. ಎಂಟನೇ ಕ್ಲಾಸಿನಿಂದ ಕ್ರೀಡಾ ಹಾಸ್ಟೆಲ್ಲಿನ ಮೆಸ್ಸಿನಲ್ಲೇ ಊಟ. ಈಗ ಕೆಲಸ ಸಿಕ್ಕಿ ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಾಳೆ, ಮೊದಲ ಸಲ ಹಿಟ್ಟು ತೊಳಸಬೇಕು, ಅಂದರೆ ರಾಗಿ ಮುದ್ದೆ ಮಾಡಬೇಕು. ದಯವಿಟ್ಟು ಹಿಟ್ಟಿನ ಡಬ್ಬ ತಲೆಯ ಮೇಲೆ ಬೀಳಿಸಬೇಡಿ! ಆ ದೃಶ್ಯ ನೋಡಿ ನೋಡಿ ಸಾಕಾಗಿದೆ.

ಸರಿಯಾದ ಕ್ರಮ ಕೇಳಿ. ಒಂದು ಲೋಟ ರಾಗಿ ಹಿಟ್ಟಿಗೆ ಎರಡು ಲೋಟ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಹಾಕಬೇಕು, ಚಿಟಿಕೆ ಉಪ್ಪು. ಅದು ಕೊತಕೊತ ಕುದಿಯುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಮಧ್ಯೆ ಒಂದು ತೂತು ಮಾಡಿ, ಉರಿ ಸಣ್ಣಗೆ ಮಾಡಿ ಆರೇಳು ನಿಮಿಷ ಸುಮ್ಮನೆ ಬಿಡಬೇಕು. ಆಮೇಲೆ ಪಾತ್ರೆ ಇಳಿಸಿ, ಕವೆಗೋಲಿನಲ್ಲಿ ಅದುಮಿ ಹಿಡಿದು ತೊಳಸಬೇಕು.

ಸುಮ್ಮನೆ ಬಿಡಬೇಕು ಅಂದೆನಲ್ಲ, ಇಡೀ ಹಾಸ್ಯ ಇರುವುದು ಅಲ್ಲಿ. ಕಬಡ್ಡಿಯಲ್ಲಿ ಒಂದು ರೈಡಿಗೆ 30 ಸೆಕೆಂಡು. ಅಷ್ಟರೊಳಗೆ ವಾಪಸು ಬರಬೇಕು, ಇಲ್ಲದಿದ್ದರೆ ಔಟ್. ಅವಳ ಮೈ ಪಳಗಿರುವುದು ಆ 30 ಸೆಕೆಂಡಿಗೆ. ಒಲೆಯ ಮುಂದೆ ಅವಳ ಕಾಲು ನಡುಗೆರೆಯ ಹತ್ತಿರ ಆಡುವ ಹಾಗೆ ಎಡಕ್ಕೂ ಬಲಕ್ಕೂ ಆಡುತ್ತದೆ, ತುಟಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತದೆ. ತಡೆಯಲಾರದೆ ಕೋಲು ಹಾಕುತ್ತಾಳೆ. ಬಾಗಿಲಲ್ಲಿ ನಿಂತ ಮನೆ ಓನರ್ ಅಜ್ಜಿ: ‘ತಡಿಯವ್ವ, ಬೇಯ್ಲಿ. ಈಗ್ಲೇ ಕೋಲು ಹಾಕ್ಬ್ಯಾಡ.’ ಇವಳು: ‘ಅಜ್ಜಿ, ಇನ್ನೂ ಎಷ್ಟೊತ್ತು?’

ತೋಳಿನಲ್ಲಿ ಬಲವಿದೆ, ತೊಳಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೂ ಗಂಟು. ಏಕೆಂದರೆ ಬಿಸಿನೀರು ತಗುಲಿದ ಹೊರಪದರ ತಕ್ಷಣ ಅಂಟಾಗಿ ಬಿಗಿಯುತ್ತದೆ, ಒಳಗಿನ ಹಿಟ್ಟಿಗೆ ನೀರು ಹೋಗುವುದಿಲ್ಲ. ಮುದ್ದೆ ಮುರಿಯುವುದನ್ನು ಹತ್ತಿರದಿಂದ ತೆಗೆಯಿರಿ: ಹೊರಗೆ ಕಂದು ಹೊಳಪು, ಒಳಗೆ ಒಣ ಹಿಟ್ಟಿನ ಪುಡಿ. ಅಜ್ಜಿ ಏನೂ ಅನ್ನಬೇಕಾಗಿಲ್ಲ. ಕಾಲು ಮತ್ತು ಪಾತ್ರೆ ಒಂದೇ ಫ್ರೇಮಿನಲ್ಲಿ ಇರಲಿ, ಕಟ್ ಮಾಡಬೇಡಿ. ಕಟ್ ಮಾಡಿದರೆ ಕಾಯುವ ಸಂಕಟ ಹೋಗುತ್ತದೆ. ಹಬೆ ಕಾಣಬೇಕಾದರೆ ಬೆಳಕು ಪಾತ್ರೆಯ ಹಿಂದಿನಿಂದ ಬರಲಿ. ಗಂಟಾದ ಹಿಟ್ಟು ಮತ್ತೆ ಸರಿಹೋಗುವುದಿಲ್ಲ, ಆದ್ದರಿಂದ ಮೂರು ಟೇಕಿಗೆ ಮೂರು ಪಾತ್ರೆ, ಮೂರು ಎಸರು ಸಿದ್ಧವಿಟ್ಟುಕೊಳ್ಳಿ.

ಸಮಯ ಹೋಗುತ್ತಿದೆ, ಬ್ಯಾಂಕಿನ ದೃಶ್ಯ ಬೇಗ ಹೇಳುತ್ತೇನೆ. ವೇದಿಕೆಯ ಮೇಲೆ ಕೊಡುವ ಆಳೆತ್ತರದ ರಟ್ಟಿನ ಚೆಕ್ಕು ಹೊತ್ತು ಅವಳು ಬ್ಯಾಂಕಿಗೆ ಹೋಗುವುದು ಬೇಡ. ಮತ್ತೆ ಹೇಳುತ್ತೇನೆ, ಅವಳು ದಡ್ಡಿಯಲ್ಲ. ಅಸಲಿ ಚೆಕ್ಕನ್ನೇ ಪ್ರೀತಿಯಿಂದ ಪದಕದ ಜೊತೆ ಫ್ರೇಮು ಹಾಕಿಸಿಟ್ಟಿದ್ದಾಳೆ. 2012ರ ಏಪ್ರಿಲ್ 1ರಿಂದ ಚೆಕ್ಕಿಗೆ ಅದರ ಮೇಲಿನ ತಾರೀಖಿನಿಂದ ಮೂರೇ ತಿಂಗಳ ಆಯಸ್ಸು. ಕೌಂಟರಿನವರು ತಾರೀಖಿನ ಮೇಲೆ ಬೆರಳಿಟ್ಟು, ‘ಕೊಟ್ಟವರ ಹತ್ರಾನೇ ಹೋಗಿ ಹೊಸ ಚೆಕ್ ಬರೆಸ್ಕೊಂಡು ಬನ್ನಿ ಮೇಡಂ’ ಅಂದರೆ ಸಾಕು, ಮುಂದಿನ ದೃಶ್ಯಕ್ಕೆ ದಾರಿಯಾಯಿತು.

ಗ್ಯಾಸ್ ಬುಕ್ ಮಾಡುವುದು, ಬಾಡಿಗೆ ಕರಾರು, ಇವನ್ನೂ ಹೇಳಬೇಕಿತ್ತು, ಆಗಲಿಲ್ಲ. ಧ್ವನಿಯ ಬಗ್ಗೆ ಮಾತ್ರ ಒಂದು ಮಾತು. ಎಸರು ಕುದಿಯುವ ಸದ್ದನ್ನೂ ಕೋಲು ಪಾತ್ರೆಗೆ ತಾಗುವ ಸದ್ದನ್ನೂ ಫ್ಯಾನ್ ಆರಿಸಿ, ಮೊಬೈಲನ್ನು ಒಂದು ಗೇಣು ದೂರದಲ್ಲಿ ಹಿಡಿದು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಅಜ್ಜಿಯ ಮಾತು ಬರುವಾಗ ಅದನ್ನು ತಗ್ಗಿಸಿ, ಇವಳು ಸುಮ್ಮನೆ ಕಾಯುವಾಗ ಏರಿಸಿ. ನಮಸ್ಕಾರ.