ಪಿಜಿಎನ್‌ನಿಂದ ಓಪನಿಂಗ್ ಬುಕ್‌ಗೆ: ಏನು ಉಳಿಯುತ್ತೆ, ಏನು ಹೋಗುತ್ತೆ

ಸ್ಕ್ರೀನ್ ಮೇಲೆ ಎಡಗಡೆ ಇರೋದು ಪಿಜಿಎನ್ ಫೈಲ್, ಅಂದ್ರೆ ಚೆಸ್ ಆಟಗಳ ನಡೆಗಳನ್ನ ಬರೆದಿಡೋ ಫೈಲ್. ಬರೀ ಟೆಕ್ಸ್ಟು, ನೋಟ್‌ಪ್ಯಾಡಲ್ಲೇ ಓದ್ಬಹುದು. ಬಲಗಡೆ ಇರೋದು ಅವೇ ಆಟಗಳಿಂದ ಮಾಡಿದ ಪಾಲಿಗ್ಲಾಟ್ ಅನ್ನೋ ಪ್ರೋಗ್ರಾಮ್‌ನ ಓಪನಿಂಗ್ ಬುಕ್, ಅಂದ್ರೆ ಆಟದ ಶುರುವಿನ ನಡೆಗಳ ಪಟ್ಟಿ, ಡಾಟ್ ಬಿನ್ ಫೈಲ್. ಇದು ಚೆಸ್ ಆಡೋ ಪ್ರೋಗ್ರಾಮ್, ಅಂದ್ರೆ ಎಂಜಿನ್, ಓದೋಕೆ ಇರೋದು, ನಮ್ಮ ಕಣ್ಣಿಗೆ ಏನೂ ದಕ್ಕಲ್ಲ.

ಮೊದಲು ನಡೆ ಬರೆಯೋ ರೀತಿ ನೋಡೋಣ. ಪಿಜಿಎನ್‌ನಲ್ಲಿ ‘ಎನ್‌ಎಫ್3’ ಅಂದ್ರೆ ಕುದುರೆ ಎಫ್3ಗೆ ಬಂತು ಅಂತಷ್ಟೇ. ಎಂಜಿನ್ ಜೊತೆ ಮಾತಾಡೋ ಯುಸಿಐ ಭಾಷೆಯಲ್ಲಿ ಅದೇ ನಡೆ ‘ಜಿ1ಎಫ್3’: ಹೊರಟ ಮನೆ, ಸೇರಿದ ಮನೆ. ಫೈಂಡ್-ರೀಪ್ಲೇಸ್ ಮಾಡಿ ಮುಗಿಸೋ ಕೆಲಸ ಅಲ್ಲ ಇದು. ರೂಯ್ ಲೋಪೆಜ್ ಅನ್ನೋ ಓಪನಿಂಗ್‌ನಲ್ಲಿ ಬಿಳಿ ಬಿಷಪ್ ಬಿ5ಗೆ ಬಂತು, ಕಪ್ಪು ಡಿ6 ಆಡ್ತು ಅಂದ್ಕೊಳ್ಳಿ. ಇ7 ಮನೆ ಕಪ್ಪಿನ ಎರಡೂ ಕುದುರೆಗೆ ಎಟಕುತ್ತೆ, ಆದ್ರೆ ಸಿ6ರ ಕುದುರೆ ಪಿನ್ ಆಗಿದೆ, ಸರಿದ್ರೆ ಹಿಂದಿರೋ ರಾಜನಿಗೆ ಚೆಕ್, ಅದಕ್ಕೇ ಕದಲೋ ಹಾಗಿಲ್ಲ. ಹಾಗಾಗಿ ಮುಂದೆ ‘ಎನ್‌ಇ7’ ಅಂತಷ್ಟೇ ಬರೆದಿದ್ರೂ ಅದು ಜಿ8ರ ಕುದುರೆಯೇ. ಇದು ಗೊತ್ತಾಗ್ಬೇಕಂದ್ರೆ ಕನ್ವರ್ಟರ್ ತನ್ನೊಳಗೇ ಬೋರ್ಡ್ ಹೂಡಿ ಮೊದಲ ನಡೆಯಿಂದ ಆಡಿಸ್ಕೊಂಡು ಬರ್ಬೇಕು. ಡೇವಿಡ್ ಬಾರ್ನ್ಸ್ ಬರೆದಿರೋ ಪಿಜಿಎನ್-ಎಕ್ಸ್‌ಟ್ರಾಕ್ಟ್ ಅನ್ನೋ ಪ್ರೋಗ್ರಾಮ್ ಮಾಡೋದು ಇದನ್ನೇ.

ಈಗ ಬುಕ್. ಪಾಲಿಗ್ಲಾಟ್‌ನಲ್ಲಿ ಒಂದೊಂದು ಎಂಟ್ರಿಗೆ 16 ಬೈಟ್. 8 ಬೈಟ್ ಪೊಸಿಷನ್‌ನ ಕೀಗೆ (ಬೋರ್ಡ್ ಮೇಲಿನ ಸ್ಥಿತಿಯನ್ನ ಗುರುತಿಸೋ ಸಂಖ್ಯೆ), 2 ನಡೆಗೆ, 2 ತೂಕಕ್ಕೆ, 4 ಕಲಿಕೆಗೆ. ಆಡಿದವರ ಹೆಸರಿಗೆ, ವರ್ಷಕ್ಕೆ, ಆ ಪೊಸಿಷನ್‌ಗೆ ಬಂದ ದಾರಿಗೆ ಜಾಗವೇ ಇಲ್ಲ. ನನಗೆ ತುಂಬಾ ಇಷ್ಟವಾಗೋ ಭಾಗ ಇದು. ಬಿಳಿ ಡಿ4, ಸಿ4, ಎನ್‌ಎಫ್3 ಆಡಿ, ಕಪ್ಪು ಎನ್‌ಎಫ್6, ಇ6, ಡಿ5 ಆಡಿದ್ರೂ ಸರಿ. ಬಿಳಿ ಎನ್‌ಎಫ್3, ಡಿ4, ಸಿ4 ಅಂತ ಬಂದು, ಕಪ್ಪು ಡಿ5, ಎನ್‌ಎಫ್6, ಇ6 ಅಂತ ಬಂದ್ರೂ ಸರಿ. ಬೋರ್ಡ್ ಒಂದೇ, ಕೀ ಒಂದೇ.

ಫೆನ್ ಸಾಲುಗಳನ್ನ (ಇಡೀ ಪೊಸಿಷನ್ನನ್ನ ಒಂದೇ ಸಾಲಲ್ಲಿ ಬರೆಯೋ ರೀತಿ) ಹೋಲಿಸಿ ಸ್ವಂತ ಬುಕ್ ಕಟ್ಟೋರು ಇಲ್ಲಿ ಹುಷಾರಾಗಿರ್ಬೇಕು. ಮೊದಲ ದಾರಿಯಲ್ಲಿ ಕೊನೆಯ ನಡೆ ಡಿ5. ಆದ್ದರಿಂದ ಪಿಜಿಎನ್ ನಿಯಮದ ಫೆನ್‌ನಲ್ಲಿ ಎನ್ ಪಾಸಾನ್ ಮನೆ (ಎರಡು ಮನೆ ಮುಂದೆ ಹೋದ ಪಾನ್ ದಾಟಿದ ಮನೆ, ಪಕ್ಕದಲ್ಲಿರೋ ಎದುರಾಳಿ ಪಾನ್ ಅಲ್ಲಿಗೆ ಬಂದು ಅದನ್ನ ಹೊಡೆಯಬಹುದು) ಅಂತ ಡಿ6 ದಾಖಲಾಗುತ್ತೆ, ಹೊಡೆಯೋಕೆ ಯಾವ ಪಾನೂ ಇಲ್ಲದಿದ್ರೂ. ಎರಡನೇ ದಾರಿಯಲ್ಲಿ ಅಲ್ಲಿ ಬರೀ ಒಂದು ಗೆರೆ. ಒಂದೇ ಪೊಸಿಷನ್ ಎರಡಾಗಿ ಕೂತ್ಕೊಳ್ಳುತ್ತೆ. ಪಾಲಿಗ್ಲಾಟ್ ಆ ಮನೆಯನ್ನ ಲೆಕ್ಕಕ್ಕೆ ತಗೊಳ್ಳೋದು ಎದುರಾಳಿಯ ಪಾನ್ ಪಕ್ಕದಲ್ಲೇ ನಿಂತಿದ್ರೆ ಮಾತ್ರ. ಎಷ್ಟು ಯೋಚಿಸಿ ಮಾಡಿದ ತೀರ್ಮಾನ!

ರಾಜ, ಆನೆ ಒಟ್ಟಿಗೆ ಸರಿಯೋ ಕ್ಯಾಸ್ಲಿಂಗೂ ಪಾಲಿಗ್ಲಾಟ್‌ನಲ್ಲಿ ಬೇರೆ ಥರ. ಯುಸಿಐ ‘ಇ1ಜಿ1’ ಅನ್ನುತ್ತೆ, ಪಾಲಿಗ್ಲಾಟ್ ಬುಕ್ ‘ಇ1ಎಚ್1’ ಅನ್ನುತ್ತೆ, ರಾಜ ತನ್ನದೇ ಆನೆಯ ಮನೆಗೆ ಹೋದ ಹಾಗೆ.

ಇನ್ನು ತೂಕ, ಅಂದ್ರೆ ಬುಕ್‌ನಲ್ಲಿ ಆ ನಡೆಗೆ ಸಿಗೋ ಅಂಕ. ಪಾಲಿಗ್ಲಾಟ್‌ಗೆ ಬುಕ್ ಕಟ್ಟೋಕೆ ಮೇಕ್-ಬುಕ್ ಕಮಾಂಡ್ ಕೊಟ್ಟಾಗ ಆ ನಡೆ ಆಡಿದವರು ಗೆದ್ದಿದ್ರೆ 2, ಡ್ರಾ ಆದ್ರೆ 1, ಸೋತ್ರೆ ಸೊನ್ನೆ. ಒಂದೇ ಆಟ ಫೈಲ್‌ನಲ್ಲಿ ಎರಡು ಸಲ ಇದ್ರೆ ತೂಕಾನೂ ಎರಡು ಸಲ ಕೂಡುತ್ತೆ, ರಿಸಲ್ಟ್ ಟ್ಯಾಗ್ ತಪ್ಪಿದ್ರೆ ಸೋತವರ ನಡೆಗೆ ಅಂಕ ಹೋಗುತ್ತೆ. ಬುಕ್ ಆದ ಮೇಲೆ ಯಾವ ಆಟದಿಂದ ಆ ತೂಕ ಬಂತು ಅಂತ ಪತ್ತೆ ಹಚ್ಚೋಕೆ ಸಾಧ್ಯವೇ ಇಲ್ಲ. ಅದಕ್ಕೇ ನಾನು ಮೊದಲು ಪಿಜಿಎನ್-ಎಕ್ಸ್‌ಟ್ರಾಕ್ಟ್‌ಗೆ ದೊಡ್ಡ ‘ಡಿ’ ಆಪ್ಷನ್ ಕೊಟ್ಟು ನಕಲುಗಳನ್ನ ತೆಗೆದು, ರಿಸಲ್ಟ್‌ಗಳನ್ನ ನೋಡ್ಕೊಂಡು, ಆಮೇಲೇ ಬುಕ್ ಮಾಡೋದು. ಆ ಶುದ್ಧ ಪಿಜಿಎನ್ನನ್ನ ಬುಕ್ ಪಕ್ಕದಲ್ಲೇ ಇಟ್ಕೊಳ್ಳಿ, ಮುಂದಿನ ಬುಕ್ ಕಟ್ಟೋದು ಅದರಿಂದಲೇ.