ಸ್ವಿಚ್‌ಗೆ ಹೋಗಬೇಕಾದ್ದು ಫೇಸ್ ವೈರ್

ಕೇಳುಗರಿಗೆ ನಮಸ್ಕಾರ. ಪ್ಲಗ್ ಪಾಯಿಂಟ್‌ಗೆ ಸ್ವಿಚ್ ಜೋಡಿಸುವಾಗ ಒಂದೇ ಒಂದು ಮಾತು ನೆನಪಿಡಿ. ಸ್ವಿಚ್‌ಗೆ ಹೋಗಬೇಕಾದ್ದು ಫೇಸ್ ವೈರ್, ನ್ಯೂಟ್ರಲ್ ಅಲ್ಲ.

ಮನೆಗೆ ಬರುವ 230 ವೋಲ್ಟ್ ಕರೆಂಟ್ ಇರುವುದು ಫೇಸ್‌ನಲ್ಲಿ. ಸಾಮಾನ್ಯವಾಗಿ ಅದು ಕೆಂಪು ವೈರ್. ಕಪ್ಪು ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್. ಹಸಿರು ಅರ್ಥಿಂಗ್, ಅಂದರೆ ಲೀಕ್ ಆದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರ್. ಕೆಂಪು ವೈರ್ ಮೊದಲು ಸ್ವಿಚ್‌ಗೆ ಬಂದು, ಅಲ್ಲಿಂದ, ಎದುರಿನಿಂದ ನೋಡಿದರೆ, ಸಾಕೆಟ್‌ನ ಬಲಗಡೆ ತೂತಿಗೆ ಹೋಗಬೇಕು. ಕಪ್ಪು ನೇರವಾಗಿ ಎಡಗಡೆಗೆ, ಹಸಿರು ಮೇಲಿನ ದೊಡ್ಡ ತೂತಿಗೆ. ಇಷ್ಟೇ.

ದಾವಣಗೆರೆಯ ಮಂಡಿಪೇಟೆ ಹತ್ತಿರ ಒಂದು ಹಳೇ ಮನೆಗೆ ನನ್ನನ್ನು ಕರೆದಿದ್ದರು. ನೀರು ಕಾಯಿಸುವ ರಾಡ್ ಆಫ್ ಮಾಡಿ ಬಕೆಟ್‌ಗೆ ಕೈ ಹಾಕಿದರೂ ಆ ಮನೆಯ ಅಜ್ಜಿಗೆ ಜುಂ ಅನ್ನುತ್ತಿತ್ತಂತೆ. "ನಿಮಗೆ ಭ್ರಮೆ ಅಜ್ಜಿ, ಸ್ವಿಚ್ ಆಫ್ ಆಗಿದೆ ನೋಡಿ" ಅಂತ ಮೊಮ್ಮಕ್ಕಳು ಹೇಳಿದ್ದರು. ಅಜ್ಜಿ ಬಿಡಲಿಲ್ಲ, "ನನ್ನ ಕೈಗೆ ಗೊತ್ತಾಗಲ್ವೇನೋ" ಅಂತ ಹಟ ಹಿಡಿದು ನನ್ನನ್ನು ಕರೆಸಿದರು. ರಾಡ್ ಕಿತ್ತು, ಸ್ವಿಚ್ ಆಫ್ ಇಟ್ಟುಕೊಂಡೇ ಸಾಕೆಟ್‌ಗೆ ಟೆಸ್ಟರ್ ಇಟ್ಟೆ. ಟೆಸ್ಟರ್ ದೀಪ ಉರಿಯಿತು, ಅಂದರೆ ಅಲ್ಲಿ ಕರೆಂಟ್ ಇತ್ತು! ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದರೆ ಸ್ವಿಚ್‌ನಲ್ಲಿ ಇದ್ದದ್ದು ಕಪ್ಪು ವೈರ್. ಕೆಂಪು ನೇರವಾಗಿ ಸಾಕೆಟ್‌ಗೆ ಹೋಗಿತ್ತು. ರಾಡ್ ಹಳೆಯದು, ಲೀಕ್ ಇತ್ತು, ಅದೂ ನಿಜ. ಆದರೆ ಆಫ್ ಮಾಡಿದ ಮೇಲೆ ಅದಕ್ಕೆ ಕರೆಂಟ್ ಹೋಗಲೇಬಾರದಲ್ವಾ? ಅರ್ಥಿಂಗ್ ವೈರಂತೂ ಎಲ್ಲಿಗೂ ಸೇರದೆ ಸುಮ್ನೆ ನೇತಾಡುತ್ತಿತ್ತು.

ಇದರಲ್ಲಿ ಮೋಸ ಎಲ್ಲಿದೆ ಅಂದರೆ, ಸ್ವಿಚ್ ನ್ಯೂಟ್ರಲ್ ಅನ್ನು ಕಡಿದರೂ ಮಿಕ್ಸಿ ನಿಲ್ಲುತ್ತದೆ, ಫ್ಯಾನ್ ನಿಲ್ಲುತ್ತದೆ, ಹಾಗಾಗಿ ಎಲ್ಲ ಸರಿ ಇದೆ ಅಂತ ವರ್ಷಗಟ್ಟಲೆ ಯಾರೂ ಬೋರ್ಡ್ ಬಿಚ್ಚಿ ನೋಡುವುದೇ ಇಲ್ಲ. "ಎರಡು ವೈರ್ ತಾನೆ, ಹೇಗೆ ಕೊಟ್ಟರೂ ನಡೆಯುತ್ತೆ" ಅನ್ನುವವರನ್ನು ದಯವಿಟ್ಟು ಬೋರ್ಡ್ ಹತ್ತಿರ ಬಿಡಬೇಡಿ. ನಡೆಯುವುದಿಲ್ಲ. ಲೈಸೆನ್ಸ್ ಇರುವ ವೈರ್‌ಮನ್‌ನನ್ನೇ ಕರೆಯಿರಿ.

ಸಮಯ ಆಗುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಗೀಸರ್‌ಗೆ 16 ಆಂಪಿಯರ್ ಸಾಕೆಟ್, 4 ಚದರ ಮಿಲಿಮೀಟರ್ ವೈರ್. ಚಿಕ್ಕ 6 ಆಂಪಿಯರ್ ಪಾಯಿಂಟ್‌ಗೆ 1.5 ಸಾಕು. ಮೇನ್ ಹತ್ತಿರ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಲೀಕ್ ಆದರೆ ತಾನೇ ಆಫ್ ಆಗುವ ಸ್ವಿಚ್, ಹಾಕಿಸಿ. ಕೆಲಸ ಮುಗಿದ ಮೇಲೆ, ದುಡ್ಡು ಕೊಡುವ ಮೊದಲು, ಸ್ವಿಚ್ ಆಫ್ ಮಾಡಿಸಿ ನಿಮ್ಮ ಕಣ್ಣೆದುರೇ ಸಾಕೆಟ್‌ನ ಕೆಳಗಿನ ಎರಡೂ ತೂತಿಗೆ ಟೆಸ್ಟರ್ ಇಡಿಸಿ. ಯಾವುದರಲ್ಲಾದರೂ ದೀಪ ಉರಿದರೆ ಬೋರ್ಡ್ ಮತ್ತೆ ಬಿಚ್ಚಿಸಿ. ನಮಸ್ಕಾರ.